ಕ್ಯಾನ್ಸರ್ ಬಂದೋರ ತಟ್ಟೆ ಬೇರೆ ಇಡಬೇಡಿ

ಮಾನ್ಯರೇ,

ನಮ್ಮದು ಚನ್ನಗಿರಿ ಕಡೆ ಹಳ್ಳಿ. ಹೋದ ವರ್ಷ ನಮ್ಮ ದೊಡ್ಡಮ್ಮಂಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯ್ತು, ಎಂಜಲಿಂದ ಅಂಟುತ್ತೆ ಅಂತ ಮಾರನೇ ದಿನಾನೇ ಅವರ ತಟ್ಟೆ ಲೋಟ ಬೇರೆ ಇಟ್ರು, ಮೊಮ್ಮಕ್ಕಳನ್ನ ಹತ್ರ ಬಿಡ್ಲಿಲ್ಲ. ಓದಿದೋರೇ ಹಿಂಗೆ ಮಾಡಿದ್ದು ನೋಡಿ ಹೊಟ್ಟೆ ಉರಿದು ಬರೀತಿದೀನಿ.

ಕ್ಯಾನ್ಸರ್ ಅಂದ್ರೆ ನಮ್ಮದೇ ಜೀವಕೋಶ ದಾರಿ ತಪ್ಪೋದು. ಒಂದು ಕೋಶ ಎರಡಾಗಬೇಕಾದ್ರೆ ಅದರೊಳಗಿನ ಡಿಎನ್‌ಎ, ನೂರಾರು ಕೋಟಿ ಅಕ್ಷರದ ಬರಹ, ಪೂರ್ತಿ ನಕಲಾಗಬೇಕು, ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬಿದ್ದೇ ಬೀಳುತ್ತೆ, ಹೆಚ್ಚಿನವನ್ನ ಕೋಶಾನೇ ತಿದ್ದಿಕೊಳ್ಳುತ್ತೆ. ಕೆಲವು ಜಾಗದಲ್ಲಿ ಬಿದ್ದ ತಪ್ಪು ಮಾತ್ರ ದುಬಾರಿ. ಸೂಳೆಕೆರೆ ಕಂಡೋರಿಗೆ ಹಿಂಗೆ ಹೇಳಬಹುದು: ರಾಸ್ ಅನ್ನೋ ಜೀನ್ (ಡಿಎನ್‌ಎ ಬರಹದ ಒಂದು ತುಣುಕು) ಕೆರೆ ತೂಬಿದ್ದಂಗೆ, ಬೆಳೆಯೋಕೆ ಸೂಚನೆ ಬಂದಾಗ ತೆರೆದು ಆಮೇಲೆ ಮುಚ್ಚಬೇಕು, ಕೆಟ್ರೆ ತೆರೆದೇ ಇರುತ್ತೆ. 1979ರಲ್ಲಿ ಪತ್ತೆಯಾದ ಪಿ53 ಅನ್ನೋ ಪ್ರೋಟೀನ್ ಕೆರೆ ನೀರು ಕಾಯೋ ನೀರುಗಂಟಿ ಇದ್ದಂಗೆ, ಡಿಎನ್‌ಎ ಹಾಳಾದ ಕೋಶನ ತಡೆದು ನಿಲ್ಲಿಸುತ್ತೆ, ರಿಪೇರಿ ಆಗದಿದ್ರೆ ಸಾಯೋಹಂಗೆ ಮಾಡುತ್ತೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ನೀರುಗಂಟಿನೇ ಕೆಟ್ಟಿರೋದು. ಆದ್ರೂ ಒಂದೇ ತಪ್ಪಿಗೆ ಸಾಮಾನ್ಯವಾಗಿ ಕ್ಯಾನ್ಸರ್ ಆಗಲ್ಲ, ಒಂದು ಕೋಶದ ಸಂತಾನದಲ್ಲಿ ವರ್ಷಾನುಗಟ್ಟಲೆ ತಪ್ಪಿನ ಮೇಲೆ ತಪ್ಪು ಸೇರ್ತಾ ಹೋಗ್ಬೇಕು, ಅದಕ್ಕೇ ವಯಸ್ಸಾದೋರಲ್ಲಿ ಜಾಸ್ತಿ.

ಹೊಗೆಸೊಪ್ಪು, ಗುಟ್ಕಾ ಈ ತಪ್ಪುಗಳನ್ನ ಹೆಚ್ಚು ಮಾಡ್ತವೆ. ನಮ್ಮ ಮನೆ ಬದುಕು ನಡೆಯೋದೇ ಅಡಿಕೆ ತೋಟದಿಂದ, ಹೇಳೋಕೆ ಕಷ್ಟ ಆಗುತ್ತೆ, ಆದ್ರೆ ತಂಬಾಕು ಇಲ್ಲದ ಬರೀ ಅಡಿಕೆ ಜಗಿಯೋದೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಇನ್ನು ಎಂಜಲಿನ ವಿಷ್ಯ. ಬೇರೆಯವರ ಕೋಶ ನಮ್ಮ ಮೈಗೆ ಬಂದ್ರೂ ನಮ್ಮ ರೋಗನಿರೋಧಕ ಶಕ್ತಿ ಅದನ್ನ ಪರಕೀಯ ಅಂತ ಗುರುತಿಸಿ ಕೊಲ್ಲುತ್ತೆ, ಕಿಡ್ನಿ ಕಸಿ ಮಾಡಿಸ್ಕೊಂಡೋರು ಆ ಶಕ್ತಿ ತಗ್ಗಿಸೋ ಮಾತ್ರೆ ನುಂಗ್ತಾನೇ ಇರಬೇಕಾಗೋದು ಅದಕ್ಕೇ ಅಲ್ವಾ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ ಆಗೋ ಎಚ್‌ಪಿವಿ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತೆ ನಿಜ, ಅದಕ್ಕೆ ಲಸಿಕೆನೂ ಇದೆ, ಆದ್ರೆ ಅದೂ ತಟ್ಟೆ ಲೋಟದಿಂದ ಬರೋದಲ್ಲ.

ಬಾಯಲ್ಲಿ ಎರಡು ಮೂರು ವಾರ ಆದ್ರೂ ಮಾಯದ ಹುಣ್ಣು ಇದ್ರೆ ಡಾಕ್ಟರಿಗೆ ತೋರಿಸ್ಬೇಕು. ದೊಡ್ಡಮ್ಮ ಆರು ತಿಂಗಳು ಮುಚ್ಚಿಟ್ಟಿದ್ರು. ಯಾಕೆ ದೊಡ್ಡಮ್ಮ ಅಂತ ಕೇಳಿದ್ದಕ್ಕೆ, "ಹೇಳಿದ್ರೆ ಮೂಲೇಲಿ ಕೂರಿಸ್ತೀರ ಅಂತ ಗೊತ್ತಿತ್ತು ಕಣಪ್ಪಾ" ಅಂದ್ರು.

– ಒಬ್ಬ ಓದುಗ, ದಾವಣಗೆರೆ ಜಿಲ್ಲೆ