ವಿಕೆಟ್ ಬೀಳದ ಒಂದು ದಿನ

ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಎಲ್ಲ ಸದಸ್ಯರಿಗೂ ಯುಗಾದಿಯ ಶುಭಾಶಯಗಳು.

ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಮಕ್ಕಳ ಚಿತ್ರ, ಲೆಕ್ಕಪತ್ರ, ಹೋಳಿಗೆ ಆರ್ಡರ್ ಫಾರಂ ಎಲ್ಲ ಪುಟಕ್ಕೆ ಕೂತಿವೆ, ಉಳಿದದ್ದು ಇದೊಂದೇ. ಮಗಳನ್ನು ಮಲಗಿಸಿ, ನಾಳೆಯ ಡಬ್ಬಿ ಕಟ್ಟಿಟ್ಟು ಈಗ ಕೂತಿದ್ದೇನೆ. ಬೇವು-ಬೆಲ್ಲದ ಬಗ್ಗೆ ಬರೆಯಬೇಕಿತ್ತು. ಆದರೆ ಹೋದ ಶನಿವಾರ ಕನ್ನಡ ತರಗತಿ ಬಿಟ್ಟ ಮೇಲೆ ಒಬ್ಬ ಹುಡುಗ ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ನಮ್ಮ ವಿಜಯಪುರದ ಕಾಕಾ ಪ್ರೊಜೆಕ್ಟರಿನ ವೈರು ಸುತ್ತುತ್ತ ಯಾವುದೋ ಹಳೆಯ ಟೆಸ್ಟ್ ಕಥೆ ಹೇಳುತ್ತಿದ್ದರು. ಹುಡುಗ ಕೇಳಿದ: "ಹೈಲೈಟ್ಸ್ ಹತ್ತು ನಿಮಿಷ ಇರತ್ತಲ್ಲ, ಐದು ದಿನ ಪೂರ್ತಿ ಕೂತು ನೀವೆಲ್ಲ ಏನು ನೋಡ್ತಿದ್ರಿ?" ಕಾಕಾ, "ಅದನ್ನ ನಮ್ಮ ಬಾಗಲಕೋಟಿಯವರನ್ನ ಕೇಳಪಾ, ಅವರು ಛಂದ ಹೇಳತಾರ" ಎಂದು ನನ್ನ ಕಡೆ ಕೈ ಮಾಡಿದರು. ಹಾಲ್ ಖಾಲಿ ಮಾಡಿ ಕೀಲಿ ಒಪ್ಪಿಸುವ ಹೊತ್ತು ಅದು, ಹೇಳಲಾಗಲಿಲ್ಲ. ಆ ಹುಡುಗ ಈಗ ಒತ್ತಕ್ಷರ ಓದುತ್ತಾನೆ. ಅಮ್ಮನ ಪಕ್ಕ ಕೂತು ಇದನ್ನು ಓದಲಿ.

2001ರ ಮಾರ್ಚ್. ಹೋಳಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಬಾಗಲಕೋಟೆಯ ಹೋಳಿ ಎಂದರೆ ಪೇಟೆ ಪೇಟೆಗೂ ಹಲಗಿ ಮೇಳ, ಬಂಡಿಯ ಮೇಲೆ ಬ್ಯಾರಲ್ ತುಂಬ ಬಣ್ಣ. 11ನೇ ತಾರೀಖು ಭಾನುವಾರ ಈಡನ್ ಗಾರ್ಡನ್ಸ್‌ನಲ್ಲಿ ಹರಭಜನ್ ಸಿಂಗ್ ಒಂದರ ಹಿಂದೊಂದು ಚೆಂಡಿಗೆ ಪಾಂಟಿಂಗ್, ಗಿಲ್‌ಕ್ರಿಸ್ಟ್, ವಾರ್ನ್ ಮೂವರನ್ನೂ ಔಟ್ ಮಾಡಿದಾಗ ನಮ್ಮ ಕಿವಿಯ ಹಿಂದಿನ ಬಣ್ಣ ಹೋಗಿರಲಿಲ್ಲ. ಟೆಸ್ಟ್‌ನಲ್ಲಿ ಭಾರತದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಆದರೂ ಆಸ್ಟ್ರೇಲಿಯಾ 445 ಮಾಡಿತು, ನಮ್ಮವರು 171ಕ್ಕೆ ಮುಗಿಸಿ ಫಾಲೋ ಆನ್‌ಗೆ, ಅಂದರೆ ಕೂಡಲೇ ಮತ್ತೆ ಬ್ಯಾಟ್ ಮಾಡುವ ಸ್ಥಿತಿಗೆ ಬಂದರು. ಮುಂಬಯಿಯಲ್ಲಿ ಹತ್ತು ವಿಕೆಟ್‌ಗಳಿಂದ ಸೋತಾಗಿತ್ತು. ಸ್ಟೀವ್ ವಾ ತಂಡ ಸತತ 16 ಟೆಸ್ಟ್ ಗೆದ್ದು ಬಂದಿತ್ತು. ಕುಂಬ್ಳೆ ಭುಜದ ನೋವಿನಿಂದ ಸರಣಿಗೇ ಇರಲಿಲ್ಲ.

ದೊಡ್ಡಪ್ಪನ ಮನೆಯಲ್ಲಿ ಅದು ನಮ್ಮ ಕೊನೆಯ ಹೋಳಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಓಣಿ ನಮ್ಮದು. ಪರಿಹಾರ ಬಂದಿತ್ತು, ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಸೈಟು ಸಿಕ್ಕು ಮನೆಯೂ ಎದ್ದಿತ್ತು, ಹಬ್ಬ ಮುಗಿದ ಮೇಲೆ ಹಳೇ ಮನೆ ಬಿಚ್ಚುವುದೆಂದು ನಿಶ್ಚಯವಾಗಿತ್ತು. ಹಾಗೇ ಬೀಗ ಹಾಕಿ ಹೋಗುವಂತಿರಲಿಲ್ಲ. ಕದ, ಚೌಕಟ್ಟು, ಕಂಬ, ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಬೇಕು. ಮುಳುಗುವ ಊರಿನಲ್ಲಿ ಉಳಿಯುವುದು ಅಷ್ಟೇ.

ಮೂರನೇ ದಿನದ ಸಂಜೆ ಭಾರತ ನಾಲ್ಕಕ್ಕೆ 254, ಇನ್ನೂ 20 ರನ್ ಹಿಂದೆ. ಲಕ್ಷ್ಮಣ್ 109, ದ್ರಾವಿಡ್ 7. ದೊಡ್ಡಪ್ಪ ಬಡಿಗ್ಯಾರಿಗೆ ಹೇಳಿಕಳಿಸಿದರು: "ನಾಳೆ ಮಧ್ಯಾಹ್ನದೊಳಗ ಆಟ ಮುಗೀತದ. ಮುಗದ ಮ್ಯಾಲೆ ಪಡಸಾಲಿ ಬಿಚ್ಚೂಣು, ಬರ್ರಿ."

ಮರುದಿನ ಬುಧವಾರ ಇಬ್ಬರು ಬಡಿಗ್ಯಾರು ಒಂಬತ್ತಕ್ಕೇ ಬಂದು ಹಿತ್ತಿಲ ಕೋಣೆಯ ಕಿಟಕಿಗೆ ಕೈ ಹಾಕಿದರು. ಪಡಸಾಲೆಯಲ್ಲಿ ಟಿ.ವಿ. ಇತ್ತು, ಅದನ್ನು ಮುಟ್ಟುವಂತಿಲ್ಲ. ಒಂದು ಗಂಟೆಯಾಯಿತು, ವಿಕೆಟ್ ಬೀಳಲಿಲ್ಲ. ಹಿತ್ತಿಲಿನಿಂದ ಸುತ್ತಿಗೆ ಸದ್ದು ನಿಂತಿತು, ಬಡಿಗ್ಯಾರು ಬಂದು ಹೊಸ್ತಿಲ ಹತ್ತಿರ ಉಳಿ ಹಿಡಿದುಕೊಂಡೇ ನಿಂತರು. ಊಟದ ಹೊತ್ತಾಯಿತು, ವಿಕೆಟ್ ಬೀಳಲಿಲ್ಲ. ಕ್ರಿಕೆಟ್ಟಿನ ಗಂಧವೇ ಇಲ್ಲದ ನಮ್ಮ ಆಯಿ ಅಲ್ಲಿಂದ ಆಟದ ಯಜಮಾನಿಕೆ ವಹಿಸಿಕೊಂಡಳು. "ಯಾರ್ಯಾರು ಎಲ್ಲಿ ಅದೀರಿ ಅಲ್ಲೇ ಕೂಡ್ರಿ. ಎದ್ದು ಆಟ ಕೆಡಸಬ್ಯಾಡ್ರಿ." ಬಾಜೂಮನೆಯ ವೈನಿ ಮಜ್ಜಿಗೆ ತಂದವರು ತಂಬಿಗೆ ಸಮೇತ ಅಲ್ಲೇ ಕೂತರು. ಬಡಿಗ್ಯಾರೂ ಕೂತರು.

ಮಧ್ಯಾಹ್ನ ಕರೆಂಟ್ ಹೋಯಿತು. ದೊಡ್ಡಪ್ಪ ಒಂದು ಮಾತೂ ಆಡದೆ ಹೊರಗೆ ಹೋಗಿ ಸಾಮಾನು ಹೇರಲು ತಂದಿದ್ದ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿದರು. ಎದುರು ಮನೆಯಿಂದ ಸಣ್ಣ ಕಪ್ಪು-ಬಿಳುಪು ಟಿ.ವಿ. ಬಂತು. ಅಣ್ಣ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ. "ಬಂತಾ?" "ಇಲ್ಲ, ಇನ್ನಷ್ಟು ಎಡಕ್ಕ!" "ಬಂತಾ?" ಬಂತು, ಮತ್ತು ಬಂದ ಚೆಂಡಿಗೇ ದ್ರಾವಿಡ್ ಬೌಂಡರಿ ಹೊಡೆದರು. ಆಯಿ ಒಳಗಿನಿಂದಲೇ ಕೂಗಿದಳು, "ಅಂವಾ ಅಲ್ಲೇ ನಿಂದರ್ಲಿ!" ಮಾರ್ಚಿನ ಬಿಸಿಲಿನಲ್ಲಿ ಅಣ್ಣ ತಲೆಗೆ ಟವೆಲ್ ಕಟ್ಟಿಕೊಂಡು ಆಂಟೆನಾದ ಕಂಬ ಹಿಡಿದು ನಿಂತ. ಕೆಳಗಿನಿಂದ ನಾವು ಸ್ಕೋರು ಕೂಗುತ್ತಿದ್ದೆವು, ಅವನಿಂದ ಪಕ್ಕದ ಮಾಳಿಗೆಗಳಿಗೆ ಹೋಗುತ್ತಿತ್ತು.

ಲಕ್ಷ್ಮಣ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬರೆಯಬೇಕಾದ್ದೇ. ವಾರ್ನ್ ಚೆಂಡು ಕಾಲಿನ ಹೆಜ್ಜೆಗುರುತಿನಲ್ಲಿ ಬಿದ್ದು ತಿರುಗಿದರೆ ಮುಂದೆ ಬಂದು ತಿರುವಿನ ವಿರುದ್ಧ ಮಿಡ್‌ವಿಕೆಟ್ಟಿಗೂ ಹೊಡೆಯುತ್ತಿದ್ದರು, ಅಂಥದೇ ಚೆಂಡನ್ನು ಕವರ್ಸ್‌ಗೂ ಕಳಿಸುತ್ತಿದ್ದರು. 281ರಲ್ಲಿ 44 ಬೌಂಡರಿ. ಆದರೆ ನಮ್ಮ ಪಡಸಾಲೆಯ ಕಣ್ಣು ಇದ್ದದ್ದು ಇನ್ನೊಂದು ತುದಿಯಲ್ಲಿ. ರನ್ ಬರುತ್ತಿಲ್ಲವೆಂದು ಮೂರನೇ ಕ್ರಮಾಂಕದಿಂದ ಆರಕ್ಕೆ ಇಳಿಸಲ್ಪಟ್ಟ, ಜ್ವರದಲ್ಲೇ ಆಡುತ್ತಿದ್ದ ನಮ್ಮ ಹುಡುಗ ದ್ರಾವಿಡ್. ನೂರು ಬಂದಾಗ, ಎಂದೂ ಸಿಟ್ಟು ತೋರಿಸದವರು, ಬ್ಯಾಟನ್ನು ಪ್ರೆಸ್ ಬಾಕ್ಸ್ ಕಡೆ ತೋರಿಸಿದರು. ದೊಡ್ಡಪ್ಪ ಆಗ ಎದ್ದು ನಿಂತರು, ಆಯಿಯೂ ಬೈಯಲಿಲ್ಲ. 281ಕ್ಕೆ ಸಿಗುವ ಹೊಗಳಿಕೆಯಲ್ಲಿ ಈ 180 ಹಿಂದೆ ಸರಿಯುತ್ತದೆ ಎಂಬ ನೋವು ನನಗೆ ಇಂದಿಗೂ ಇದೆ. ಆ ತುದಿಯಲ್ಲಿ ಅವರಿಲ್ಲದಿದ್ದರೆ ಈ ತುದಿಯಲ್ಲಿ ಆ ಆಟವಿಲ್ಲ.

ಸ್ಟೀವ್ ವಾ ಒಂಬತ್ತು ಜನರ ಕೈಲಿ ಬೌಲಿಂಗ್ ಮಾಡಿಸಿದರು, ಸ್ಲೇಟರ್, ಲ್ಯಾಂಗರ್, ಹೇಡನ್ ಕೂಡ ಹಾಕಿದರು. ದಿನ ಮುಗಿದಾಗ 589, ಬಿದ್ದದ್ದು ಅದೇ ನಾಲ್ಕು. ಒಂದೇ ದಿನದಲ್ಲಿ 335 ರನ್, ಒಂದೂ ವಿಕೆಟ್ ಇಲ್ಲ. ಕಂಬ, ತೊಲೆ ಎಲ್ಲ ಇದ್ದಲ್ಲೇ ಇದ್ದವು. ದೊಡ್ಡಪ್ಪ ಬಡಿಗ್ಯಾರಿಗೆ ಪೂರ್ತಿ ದಿನದ ಪಗಾರ ಕೊಟ್ಟರು. ಅವರು ಒಲ್ಲೆವೆಂದರೂ ಬಿಡಲಿಲ್ಲ. ಮರುದಿನ ಅವರು ಉಳಿ-ಸುತ್ತಿಗೆ ತರದೆ ಬಂದರು.

ಮುಂದಿನದು ನಿಮಗೆ ಗೊತ್ತು. 376ರ ಜೊತೆಯಾಟ, 657ಕ್ಕೆ ಡಿಕ್ಲೇರ್, ಆಸ್ಟ್ರೇಲಿಯಾಕ್ಕೆ ಗುರಿ 384. ಚಹಾಕ್ಕೆ ಹೋಗುವಾಗ ಮೂರೇ ವಿಕೆಟ್ ಬಿದ್ದಿದ್ದವು, ಡ್ರಾ ಆದರೂ ಸಾಕು ಎನ್ನುತ್ತಿದ್ದೆವು. ಬಂದ ಮೇಲೆ ಹರಭಜನ್ ಒಂದು ಕಡೆ, ಸಚಿನ್ ಇನ್ನೊಂದು ಕಡೆ. 212ಕ್ಕೆ ಆಲೌಟ್, 171 ರನ್ ಗೆಲುವು. ಫಾಲೋ ಆನ್ ಆದ ತಂಡ ಟೆಸ್ಟ್ ಗೆದ್ದದ್ದು ಅಲ್ಲಿಯವರೆಗಿನ ಚರಿತ್ರೆಯಲ್ಲಿ ಅದು ಮೂರನೇ ಸಲ. ಕೊನೆಯ ವಿಕೆಟ್ಟಿಗೆ ಯಾರೋ ಹಬ್ಬ ಮುಗಿದು ಗೂಟಕ್ಕೆ ಹಾಕಿದ್ದ ಹಲಗಿ ಇಳಿಸಿಕೊಂಡು ಬಂದರು. ಮರುದಿನ ಮನೆ ಬಿಚ್ಚಿದರು.

ಅದೇ ಸರಣಿಯ ಚೆನ್ನೈ ಟೆಸ್ಟಿನ ಕೊನೆಯ ದಿನ ನಾವು ನವನಗರದಲ್ಲಿದ್ದೆವು. ಗೋಡೆಗೆ ಸುಣ್ಣವಿರಲಿಲ್ಲ. ಹಳೇ ಓಣಿಯವರು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹಂಚಿಹೋಗಿದ್ದರು, ಪಕ್ಕದಲ್ಲಿ ಯಾರೆಂದು ಗೊತ್ತಿರಲಿಲ್ಲ. 155 ರನ್ ಬೇಕಿತ್ತು. ಒಂದೊಂದೇ ವಿಕೆಟ್ ಬೀಳುತ್ತ ಹೋದಂತೆ ಒಬ್ಬೊಬ್ಬರೇ ಗೇಟಿನ ಹತ್ತಿರ ಬಂದರು. "ಸ್ಕೋರ್ ಎಷ್ಟರೀ?" "ಒಳಗ ಬರ್ರಿ, ಬರ್ರಿ." ಎರಡು ವಿಕೆಟ್ ಉಳಿದಿರುವಾಗ ವಿಕೆಟ್ ಕೀಪರ್ ದಿಘೆ ಒಂದು ತುದಿ ಹಿಡಿದಿದ್ದರು. ಆ ಪಂದ್ಯದಲ್ಲಿ 15, ಸರಣಿಯಲ್ಲಿ 32 ವಿಕೆಟ್ ಕಿತ್ತ ಹರಭಜನ್ನೇ ಗೆಲುವಿನ ರನ್ನೂ ಹೊಡೆದರು. ಅಷ್ಟೊತ್ತಿಗೆ ನಮ್ಮ ಹೊಸ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಅಂದು ಬಂದವರು ಇಂದಿಗೂ ನಮ್ಮ ನೆರೆಯವರು. ಅಪ್ಪ ತೀರಿಕೊಂಡಾಗ ನಾನು ಇಲ್ಲಿಂದ ಹೋಗಿ ಮುಟ್ಟುವವರೆಗೆ ಎಲ್ಲ ನೋಡಿಕೊಂಡವರು ಅವರೇ.

ತಮ್ಮಾ, ಆ ದಿನದ ಹೈಲೈಟ್ಸ್ ನಾನೂ ನೋಡಿದ್ದೇನೆ. ಬೌಂಡರಿಗಳೆಲ್ಲ ಇವೆ. ಬೌಂಡರಿ ಬರದ ಓವರುಗಳಲ್ಲೇ ನಾವು ಮಾತಾಡಿದ್ದು, ಮಜ್ಜಿಗೆ ಹಂಚಿಕೊಂಡದ್ದು, ಪಕ್ಕದವರ ಹೆಸರು ಕೇಳಿದ್ದು.

ಈ ಸಲ ಕ್ರಿಕೆಟ್ ಬಗ್ಗೆ ಬರೆಯುತ್ತೇನೆ ಎಂದದ್ದಕ್ಕೆ ಬೆಳಗಾವಿಯ ಅಕ್ಕ ಫೋನ್ ಮಾಡಿ 1999ರ ಫೆಬ್ರುವರಿ 7 ಬಿಡಬೇಡ ಎಂದರು. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆಗೆ ಒಂಬತ್ತು ವಿಕೆಟ್ ಸಿಕ್ಕಿದ ಮೇಲೆ ಶ್ರೀನಾಥ್ ತಾವು ವಿಕೆಟ್ ತೆಗೆದುಬಿಟ್ಟಾರೆಂದು ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದ ಓವರನ್ನು ಹೇಳುತ್ತ ಅವರ ಗಂಟಲು ಕಟ್ಟಿತು. 74 ರನ್ನಿಗೆ ಹತ್ತೂ ವಿಕೆಟ್. ವಾಸಿಂ ಅಕ್ರಂ ಕ್ಯಾಚ್ ಲಕ್ಷ್ಮಣ್ ಕೈಸೇರಿದಾಗ ಅವರ ಅಪ್ಪ ಓಣಿಗೆಲ್ಲ ಕುಂದಾ ಹಂಚಿದರಂತೆ. 2003ರ ಅಡಿಲೇಡ್ ಟೆಸ್ಟ್ ನನ್ನದೂ ಹೌದು: ಡಿಸೆಂಬರಿನ ಚಳಿಯಲ್ಲಿ ಬೆಳಗಾವಿಯ ಹಾಸ್ಟೆಲ್, ನಸುಕಿನಲ್ಲೇ ಕಂಬಳಿ ಹೊದ್ದು ಟಿ.ವಿ. ಕೋಣೆ, ದ್ರಾವಿಡ್ 233 ಮತ್ತು ಅಜೇಯ 72. ಅದರ ಬಗ್ಗೆ ಬರೆಯಲು ಇನ್ನೊಂದು ಸಂಚಿಕೆ ಬೇಕು.

ಈಗ ಕಾಕಾ. ಏಪ್ರಿಲ್ ಕೊನೆಗೆ ಅವರು, ಕಾಕೂ ಇಬ್ಬರೂ ವಿಜಯಪುರಕ್ಕೆ ಕಾಯಮ್ಮಾಗಿ ಹೋಗುತ್ತಿದ್ದಾರೆ. 1971ರಲ್ಲಿ ಗಾಂಧಿ ಚೌಕದ ಬಟ್ಟೆ ಅಂಗಡಿಯ ರೇಡಿಯೋ ಮುಂದೆ ನಿಂತು ಓವಲ್ ಟೆಸ್ಟ್ ಕೇಳಿದವರು ಅವರು. ಪೋಲಿಯೋದಿಂದ ಸೊರಗಿದ ಕೈಯಿಂದಲೇ ಚಂದ್ರಶೇಖರ್ 38ಕ್ಕೆ 6 ತೆಗೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು, ಮರುದಿನ ಗಣೇಶ ಚೌತಿಯಂದೇ ಭಾರತ ಈ ನೆಲದಲ್ಲಿ ಮೊದಲ ಸರಣಿ ಗೆದ್ದದ್ದು, ಮೈದಾನಕ್ಕೆ ಆನೆಯನ್ನೇ ಕರೆತಂದಿದ್ದರು ಎಂಬುದು, ಎಲ್ಲ ಅವರ ಬಾಯಲ್ಲೇ ಕೇಳಬೇಕು. 2025ರ ಆಗಸ್ಟ್ 4ರ ಸೋಮವಾರ ಅದೇ ಓವಲ್‌ನಲ್ಲಿ ಇಂಗ್ಲೆಂಡಿಗೆ 35 ರನ್, ನಮಗೆ ನಾಲ್ಕು ವಿಕೆಟ್ ಬೇಕಿದ್ದಾಗ ಹಾಲ್ ತೆಗೆಸಿ ಗೋಡೆಯ ಮೇಲೆ ಪಂದ್ಯ ಬಿಟ್ಟವರೂ ಅವರೇ. ಇಂಗ್ಲೆಂಡಿನ ವೋಕ್ಸ್ ಒಂದು ಕೈ ಜೋಳಿಗೆ ಕಟ್ಟಿಕೊಂಡು ಬ್ಯಾಟಿಗೆ ಇಳಿದಾಗ ನಮ್ಮ ಮಕ್ಕಳೂ ಚಪ್ಪಾಳೆ ತಟ್ಟಿದರು. ಸಿರಾಜ್ ಯಾರ್ಕರ್, ಆರು ರನ್ ಗೆಲುವು. ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದ ಪ್ರಸಿದ್ಧ ಕೃಷ್ಣ ಎಂಬ ಬೌಲರ್ ನಮ್ಮ ಕರ್ನಾಟಕದವರೆಂದು ಕಾಕಾ ಮಕ್ಕಳಿಗೆ ಎಷ್ಟು ಸಲ ಹೇಳಿದರೋ! ಆ ಬೆಳಿಗ್ಗೆ ಬಂದ ಎರಡು ಹೊಸ ಕುಟುಂಬಗಳು ಈಗ ನಮ್ಮ ಸದಸ್ಯರು.

ಸೂಚನೆಗಳು, ಬೇಗ ಬೇಗ: ಯುಗಾದಿ ಊಟ ಹಬ್ಬದ ನಂತರದ ಭಾನುವಾರ ಹನ್ನೊಂದೂವರೆಗೆ, ಎಂದಿನ ಹಾಲ್‌ನಲ್ಲಿ. ಹೋಳಿಗೆ ಆರ್ಡರ್ ಬುಧವಾರದೊಳಗೆ ಕೊಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುವವರು ಮೊದಲೇ ತಿಳಿಸಿ. ಮಕ್ಕಳ ನಾಟಕದ ತಾಲೀಮು ಶನಿವಾರ ತರಗತಿ ಮುಗಿದ ಮೇಲೆ. ಊಟದ ದಿನವೇ ಕಾಕಾ-ಕಾಕೂ ಅವರಿಗೆ ಬೀಳ್ಕೊಡುಗೆ, ದಯವಿಟ್ಟು ಮೂರರವರೆಗೆ ಉಳಿಯಿರಿ. ಸದಸ್ಯತ್ವದ ಹಣ ಬಾಕಿ ಇರುವವರು ಅಂದೇ ಕೊಟ್ಟರೆ ಖಜಾಂಚಿಯವರಿಗೆ ಉಪಕಾರ.

ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಭಾರತ ಮತ್ತು ಇಂಗ್ಲೆಂಡ್ ಮಹಿಳೆಯರ ಟೆಸ್ಟ್ ಇದೆ. ಒಂದು ದಿನವಾದರೂ ಎಲ್ಲರೂ ಕೂಡಿ ಪೂರ್ತಿ ನೋಡೋಣ ಎಂದು ಸಮಿತಿಯ ಆಸೆ. ಹೆಣ್ಣುಮಕ್ಕಳನ್ನು ತಪ್ಪದೇ ಕರೆತನ್ನಿ. 2017ರ ವಿಶ್ವಕಪ್ಪಿನಲ್ಲಿ ಇದೇ ದೇಶದ ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ 15ಕ್ಕೆ 5 ವಿಕೆಟ್ ತೆಗೆದ ರಾಜೇಶ್ವರಿ ಗಾಯಕವಾಡ ವಿಜಯಪುರದ ಮಗಳೆಂದು ಅವರಿಗೆ ಗೊತ್ತಾಗಲಿ.

ಆದರೆ ಕಾಕಾ ಹೋದ ಮೇಲೆ ಹಾಲ್ ಬುಕ್ ಮಾಡಿ, ಕೀಲಿ ತಂದು, ಪ್ರೊಜೆಕ್ಟರ್ ಹೂಡುವವರು ಯಾರೂ ಇಲ್ಲ. ಈ ಪತ್ರಿಕೆಯ ಪುಟ ಕಟ್ಟುವ ಕೆಲಸವೂ ನನ್ನೊಬ್ಬನ ಮೇಲಿದೆ, ಮನೆ-ಕೆಲಸದ ನಡುವೆ ಒಬ್ಬನಿಗೇ ತೂಗಿಸಲಾಗುತ್ತಿಲ್ಲ. ಪ್ರೊಜೆಕ್ಟರಿಗೆ ಒಬ್ಬರು, ಪುಟಕ್ಕೆ ಒಬ್ಬರು ಬೇಕು. ಅನುಭವ ಬೇಕಿಲ್ಲ, ಕಾಕಾ ಹೋಗುವುದರೊಳಗೆ ಎಲ್ಲ ಕಲಿಸಿಕೊಡುತ್ತೇನೆ ಎಂದಿದ್ದಾರೆ. ನನ್ನ ನಂಬರ್ ಕೊನೆಯ ಪುಟದಲ್ಲಿದೆ, ರಾತ್ರಿ ಒಂಬತ್ತರ ನಂತರ ಯಾವಾಗ ಬೇಕಾದರೂ ಫೋನ್ ಮಾಡಿ.

ನಿಮ್ಮ ಸಂಪಾದಕ