ಹಾರುವ ಅಳಿಲೋ, ಶುಗರ್ ಗ್ಲೈಡರೋ? ಮಂಜುಗೊಂದು ಪತ್ರ

ಪ್ರಿಯ ಮಂಜು,

ಪುಟ್ಟಿಯ ಹುಟ್ಟುಹಬ್ಬಕ್ಕೆ ಹಾರುವ ಅಳಿಲು ತರಲಾ, ಶುಗರ್ ಗ್ಲೈಡರ್ ತರಲಾ ಅಂತ ಕೇಳಿದ್ದೀಯ. ನಮ್ಮನೆಯಲ್ಲಿ ಗ್ಲೈಡರ್ ಜೋಡಿ ಇರುವುದರಿಂದ ನಾನು ಅದರ ಪರವೇ ಮಾತಾಡುತ್ತೇನೆ ಅಂದುಕೊಂಡಿರಬಹುದು. ಪೂರ್ತಿ ಓದು ಮಾರಾಯ.

ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ದೊಡ್ಡ ಕಣ್ಣು, ಮುಂಗಾಲು ಹಿಂಗಾಲಿನ ನಡುವೆ ಚರ್ಮದ ಪೊರೆ, ಅಂಗೈಯಲ್ಲಿ ಹಿಡಿಸುವ ಮೈ. ಆದರೆ ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಅಳಿಲು ಇಲಿಗಳ ಕಡೆಯದು. ಗ್ಲೈಡರ್ ಕಾಂಗರೂ ಬಳಗದ್ದು, ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಪ್ರಾಣಿ. ಮರಿ ಹುಟ್ಟುವಾಗ ಅಕ್ಕಿಕಾಳಿನಷ್ಟಿರುತ್ತದೆ, ಆಮೇಲೆ ಎರಡು ತಿಂಗಳು ಅಮ್ಮನ ಹೊಟ್ಟೆಯ ಚೀಲದಲ್ಲೇ ಬೆಳೆಯುತ್ತದೆ. ಇಲ್ಲಿ ಅಮೆರಿಕದಲ್ಲಿ ಸಾಕುವವುಗಳ ಮೂಲ ಇಂಡೋನೇಷ್ಯಾದ ಪಶ್ಚಿಮ ಪಪುವಾ ಅಂತ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿದೆ.

ಮನೆಗೆ ತಂದ ಮೇಲೆ ಮೊದಲು ವ್ಯತ್ಯಾಸ ಕಾಣುವುದು ಊಟದಲ್ಲಿ. ಅಳಿಲಿನ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿಯಲು ಓಕ್ ಕಾಯಿ, ಹಿಕರಿ ಕಾಯಿ ಕೊಡಬೇಕು, ಇಲ್ಲದಿದ್ದರೆ ಕಿಟಕಿಯ ಚೌಕಟ್ಟಿಗೇ ಬಾಯಿ ಹಾಕುತ್ತದೆ. ತಿಂದು ಮಿಕ್ಕಿದ್ದನ್ನು ಸೋಫಾ ಸಂದಿಯಲ್ಲಿ ಬಚ್ಚಿಡುವ ಚಾಳಿ ಬೇರೆ. ಗ್ಲೈಡರ್ ಕಾಡಿನಲ್ಲಿ ಮರದ ಅಂಟು, ರಸ, ಹೂವಿನ ಮಕರಂದ, ಹುಳ ತಿಂದು ಬದುಕುತ್ತದೆ. ಜನ ಮುದ್ದಿಗೆ ಬರೀ ಹಣ್ಣು ಕೊಡುತ್ತಾರೆ. ಹಣ್ಣಿನಲ್ಲಿ ಕ್ಯಾಲ್ಸಿಯಂ ಸಾಲುವುದಿಲ್ಲ. ಮೂಳೆ ಟೊಳ್ಳಾಗಿ ಹಿಂಗಾಲು ಸ್ವಾಧೀನ ತಪ್ಪುತ್ತದೆ. ಸಾಕಿದ ಗ್ಲೈಡರ್‌ಗಳಲ್ಲಿ ಇದು ಮಾಮೂಲಿ ಕಾಯಿಲೆ. ನಾಯಿ ಬೆಕ್ಕಿನ ಎಲ್ಲ ಡಾಕ್ಟರೂ ಇವನ್ನು ಮುಟ್ಟುವುದಿಲ್ಲ, ಹುಡುಕಿಟ್ಟುಕೊಳ್ಳಬೇಕು.

ಇನ್ನೊಂದು, ಗ್ಲೈಡರ್ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿಟ್ಟರೆ ಮಂಕಾಗಿ ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತದೆ, ಬಾಲ ಕಚ್ಚಿಕೊಳ್ಳುತ್ತದೆ. ಮಾರುವವರು ಹೇಳುವ ಬೆಲೆಯನ್ನು ಅಲ್ಲೇ ಎರಡರಿಂದ ಗುಣಿಸು. ಗಂಡಾದರೆ ಬೀಜ ತೆಗೆಸುವ ಆಪರೇಷನ್ ಖರ್ಚು ಸೇರಿಸು. ಗಂಡಿನ ತಲೆ ಮೇಲೆ ಬೋಳು ಮಚ್ಚೆಯೊಂದಿರುತ್ತದೆ, ವಾಸನೆಯ ಗ್ರಂಥಿ ಅದು. ಕಂಡದ್ದಕ್ಕೆಲ್ಲ ಉಜ್ಜುತ್ತದೆ. ನಮ್ಮ ಸುಮಾ ಇವತ್ತಿಗೂ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೆ.

ಪುಟ್ಟಿಗೆ ಹೇಳಬೇಕಾದ ಮಾತು ಬೇರೆ ಇದೆ. ಎರಡೂ ರಾತ್ರಿ ಪ್ರಾಣಿಗಳು. ಅವಳು ಸ್ಕೂಲಿನಿಂದ ಬಂದಾಗ ಮಲಗಿರುತ್ತವೆ, ಅವಳು ಮಲಗಿದ ಮೇಲೆ ಏಳುತ್ತವೆ. ಗ್ಲೈಡರ್ ನಡುರಾತ್ರಿ ಬೊಗಳುತ್ತದೆ, ನಿಜವಾಗಿಯೂ ಬೊಗಳುತ್ತದೆ! ಹೆದರಿದರೆ ಮಿಕ್ಸಿ ತಿರುಗಿದ ಹಾಗೆ ಗರಗರ ಅನ್ನುತ್ತದೆ. ಹಗಲು ಜೇಬಿನಲ್ಲಿ ಹಾಕಿಕೊಂಡರೆ ಸುಮ್ನೆ ಮಲಗಿರುತ್ತದೆ ಅನ್ನುವುದೊಂದೇ ಸಮಾಧಾನ. ಕಾಡಿನಲ್ಲಿ 50 ಮೀಟರ್ ತೇಲಬಲ್ಲ ಪ್ರಾಣಿ ನಮ್ಮ ಹಾಲ್‌ನಲ್ಲಿ ಪರದೆಯಿಂದ ಸೋಫಾಕ್ಕೆ ಜಿಗಿಯುವುದನ್ನು ನೋಡಿದಾಗ ನನಗೇ ಪಾಪ ಅನ್ನಿಸುತ್ತದೆ.

ಚೆನ್ನಾಗಿ ನೋಡಿಕೊಂಡರೆ ಎರಡೂ ಹತ್ತು ವರ್ಷ ಬದುಕುತ್ತವೆ. ಅಷ್ಟರಲ್ಲಿ ನಿನ್ನ ವೀಸಾ ಎಲ್ಲಿರುತ್ತದೋ, ಕೆಲಸ ಎಲ್ಲಿರುತ್ತದೋ! ನಾಳೆ ಬೇ ಏರಿಯಾಕ್ಕೆ ಹೋಗಬೇಕಾಗಿ ಬಂದರೆ ಗ್ಲೈಡರ್ ಜೊತೆಗೆ ಬರುವಂತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಸಾಕುವುದು ಕಾನೂನುಬಾಹಿರ. ಹವಾಯಿ, ಅಲಾಸ್ಕಾದಲ್ಲೂ ಅಷ್ಟೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಯಾರ ಮನೆಯಲ್ಲಿ ಬಿಡುತ್ತೀಯ? ನಮಗೆ ಪ್ರತಿ ಸಲ ಟಿಕೆಟ್‌ಗಿಂತ ಇದೇ ದೊಡ್ಡ ತಲೆನೋವು.

ಅಳಿಲಿನ ವಿಷಯಕ್ಕೆ ಬಂದರೆ ನನ್ನ ಉತ್ತರ ಬೇಡ ಅಂತಲೇ. ಅದು ನೀನಿರುವ ನಾರ್ತ್ ಕ್ಯಾರೊಲಿನಾದ ಕಾಡುಪ್ರಾಣಿ. ಸಾಕುವ ಆಸೆಗೆ ಬೇಡಿಕೆ ಹೆಚ್ಚಿದರೆ ಏನಾಗುತ್ತದೆ ಅಂತ ಫ್ಲಾರಿಡಾದಲ್ಲಿ ಗೊತ್ತಾಯಿತು. ಅಲ್ಲಿ ಮೂರು ವರ್ಷದೊಳಗೆ ಸುಮಾರು 3,600 ಹಾರುವ ಅಳಿಲುಗಳನ್ನು ಬೋನಿಟ್ಟು ಹಿಡಿದು ಏಷ್ಯಾಕ್ಕೆ ಕಳ್ಳಸಾಗಣೆ ಮಾಡಿದ ಜಾಲ 2020ರಲ್ಲಿ ಬಯಲಾಯಿತು. ಸಾಕಿದ್ದು ಅಂತ ಹೇಳಿ ಮಾರುತ್ತಿದ್ದರು.

ಅದೂ ಅಲ್ಲದೆ, ನಿನ್ನ ಹಿತ್ತಲಲ್ಲೇ ಅಷ್ಟು ಓಕ್ ಮರಗಳಿವೆ. ನಿಮ್ಮ ಕೊಪ್ಪದ ಕಡೆ ಹಾರುಬೆಕ್ಕು ಅಂತಾರಲ್ಲ, ಅದರ ನೆಂಟನೇ ಇದು, ತೂಕ ಮಾತ್ರ 60–70 ಗ್ರಾಂ. ಹಕ್ಕಿಗೆ ಕಾಳು ಹಾಕುವ ಡಬ್ಬಕ್ಕೆ ಕತ್ತಲಾದ ಮೇಲೆ ಇವು ಬರುತ್ತವೆ. ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಶೇಂಗಾ ಹಾಕು. ಮರಕ್ಕೊಂದು ಗೂಡಿನ ಪೆಟ್ಟಿಗೆ ಕಟ್ಟು, ತೂತು ಒಂದೂವರೆ ಇಂಚಿದ್ದರೆ ಸಾಕು. ಚಳಿಗಾಲದಲ್ಲಿ ಒಂದೇ ಪೆಟ್ಟಿಗೆಯಲ್ಲಿ ಹಲವು ಒತ್ತಾಗಿ ಮಲಗುತ್ತವೆ. ಕೆಂಪು ಬಲ್ಬ್ ಹಾಕಿದರೆ ಅಷ್ಟಾಗಿ ಬೆದರುವುದಿಲ್ಲ. ಇವುಗಳ ತುಪ್ಪಳ ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ ಅಂತ 2019ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಇದನ್ನು ಪುಟ್ಟಿಗೆ ಹೇಳು, ಗ್ಲೈಡರ್ ಮರೆತೇಬಿಡುತ್ತಾಳೆ.

ಅಷ್ಟಕ್ಕೂ ಗ್ಲೈಡರೇ ಬೇಕು ಅಂತ ಹಟ ಹಿಡಿದರೆ ಜಾತ್ರೆ, ಮಾಲ್ ಕಡೆ ತಲೆಹಾಕಬೇಡ. ಮನೆ ಬದಲಿಸುವವರು, ಸಾಕಲಾರದವರು ಬಿಟ್ಟುಕೊಟ್ಟ ಜೋಡಿಗಳು ಎಷ್ಟೋ ಇರುತ್ತವೆ, ಅಂಥವನ್ನು ಹುಡುಕೋಣ. ಶನಿವಾರ ರಾತ್ರಿ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಇವು ಹೇಗೂ ನನ್ನನ್ನು ಮಲಗಲು ಬಿಡುವುದಿಲ್ಲ.

ನಿನ್ನ,
ಶ್ರೀಧರ
ಡಾಲಸ್