ಬೀಗರು ಪೇಪರ್ ಓದ್ತಾರ

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮ ಕಡೆ ಆದ ಒಂದು ಅಪಘಾತದ ಸುದ್ದಿ ಜೊತೆ ಒಂದೇ ಫೋಟೊ ಹಲವು ಕಡೆ ಬಂತು. ಶವಾಗಾರದ ಮುಂದೆ ನೆಲಕ್ಕೆ ಕೂತು ಎದೆ ಬಡಿದುಕೊಳ್ಳುತ್ತಿರುವ ತಾಯಿ. ಸೆರಗು ಜಾರಿದೆ, ಮುಖ ಪೂರ್ತಿ ಕಾಣುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದದ್ದು. ಅಚ್ಚಾಗುವ ಮೊದಲೇ ಅದು ನನಗೆ ಮೂರು ವಾಟ್ಸಾಪ್ ಗುಂಪುಗಳಲ್ಲಿ ಬಂದಿತ್ತು.

ನಾನು ರಾಯಚೂರಿನಲ್ಲಿ 22 ವರ್ಷ ಪತ್ರಿಕೆಗಳಿಗೆ ಫೋಟೊ ತೆಗೆದವನು. ಅದನ್ನು ನೋಡಿ ನನಗೆ 2009ರ ಅಕ್ಟೋಬರ್ ನೆನಪಾಯಿತು.

ಆಗ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದ್ದವು. ನದಿ ದಂಡೆಯ ಒಂದು ಊರಿನ ಗಂಜಿ ಕೇಂದ್ರಕ್ಕೆ ಹೋಗಿದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರ ಫೋಟೊ ತೆಗೆದೆ. ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ನನ್ ಮುಖ ಹಾಕಬ್ಯಾಡೋ ತಮ್ಮಾ. ಬೀಗರು ಪೇಪರ್ ಓದ್ತಾರ.’ ಆಯ್ತಮ್ಮಾ ಅಂದೆ. ಸಂಜೆ ಎಲ್ಲಾ ಫೋಟೊಗಳ ಜೊತೆ ಅದನ್ನೂ ಕಳಿಸಿದೆ. ‘ಇದು ಬೇಡ’ ಅಂತ ಒಂದು ಸಾಲು ಬರೆಯಲಿಲ್ಲ. ಫೋಟೊ ಚೆನ್ನಾಗಿತ್ತು, ಅದಕ್ಕೇ ಬರೆಯಲಿಲ್ಲ. ಮರುದಿನ ಮೊದಲ ಪುಟದಲ್ಲಿ ಬಂತು. ಎಲ್ಲರೂ ಬೆನ್ನು ತಟ್ಟಿದರು.

ದೀಪಾವಳಿ ಮುಗಿದ ಮೇಲೆ ಮತ್ತೆ ಆ ಊರಿಗೆ ಹೋದೆ. ಅವರು ಬೈಯಲಿಲ್ಲ. ‘ಹಬ್ಬಕ್ಕ ಮಗಳನ್ನ ಕಳಿಸಲಿಲ್ಲ’ ಅಂದರು, ಅಷ್ಟೇ. ಸ್ವಂತ ಹೊಲ ಇದ್ದ ಮನೆತನ. ಎಲ್ಲರಿಗೂ ಅನ್ನ ಹಾಕಿದವರು ಅನ್ನಕ್ಕೆ ತಟ್ಟೆ ಹಿಡಿದದ್ದನ್ನು ಜಿಲ್ಲೆಗೆಲ್ಲ ತೋರಿಸಿದವನು ನಾನು.

ಫೋಟೊ ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಫೋಟೊ ಬರದಿದ್ದರೆ ಆ ಊರಿನ ಕಡೆ ಎಷ್ಟು ಜನ ತಿರುಗಿ ನೋಡುತ್ತಿದ್ದರು? ಆದರೆ ಅದೇ ಸಾಲನ್ನು ಹಿಂದಿನಿಂದ ತೆಗೆದದ್ದೂ ನನ್ನ ಹತ್ತಿರ ಇತ್ತು. ಕೆಸರು ಮೆತ್ತಿದ ಸೀರೆಯಂಚು, ಖಾಲಿ ತಟ್ಟೆಗಳು, ಅಮ್ಮನ ಹೆಗಲ ಮೇಲೆ ನಿದ್ದೆ ಹೋದ ಕೂಸು. ನೆರೆಯ ಕಷ್ಟ ಅದರಲ್ಲೂ ಇತ್ತಲ್ವಾ?

ಮುದಗಲ್ಲಿನ ಮೊಹರಂಗೆ ಎಷ್ಟೋ ಸಲ ಹೋಗಿದ್ದೇನೆ. ಮೊದಲ ವರ್ಷ ಕತ್ತಲ ರಾತ್ರಿ ಹಸ್ತದ ಆಕಾರದ ಪಂಜಾ ಹೊತ್ತವರ ಮುಖಕ್ಕೇ ಫ್ಲ್ಯಾಶ್ ಹೊಡೆದೆ. ಒಬ್ಬ ಹಿರಿಯರು ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ‘ಮೊದಲು ಸ್ವಲ್ಪ ಹೊತ್ತು ನಮ್ಮ ಜೊತೆ ನಿಲ್ಲು, ಆಮೇಲೆ ತೆಗಿ’ ಅಂದರು. ಜೊತೆಗೆ ನಿಂತರೆ ಯಾರು ಬೇಡ ಅನ್ನುತ್ತಾರೆ, ಯಾರು ತೆಗೆಯಲಿ ಅನ್ನುತ್ತಾರೆ ಅಂತ ಗೊತ್ತಾಗುತ್ತದೆ. ದೂರ ನಿಂತು ಉದ್ದ ಲೆನ್ಸ್ ಹಾಕಿದರೆ ಮರ್ಯಾದೆ ಅಂತ ಹುಡುಗರು ಅಂದುಕೊಂಡಿದ್ದಾರೆ. ಅದು ಕದ್ದು ತೆಗೆದ ಹಾಗೆ.

ಇನ್ನೊಂದು ಮಾತು. ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಮಗುವಿನ ಮನೆ ಬಾಗಿಲು, ಓಣಿ ತೋರಿಸುವ ಫೋಟೊಗಳು ಈಗಲೂ ಕಾಣುತ್ತವೆ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಫೋಟೊ ಅಷ್ಟೇ ಅಲ್ಲ, ವಿಳಾಸ, ಶಾಲೆ, ನೆರೆಹೊರೆಯನ್ನೂ ಹೊರಗೆ ಬಿಡಬಾರದು ಅನ್ನುತ್ತದೆ. ನಮ್ಮ ಸಣ್ಣ ಊರುಗಳಲ್ಲಿ ಬಾಗಿಲ ಬಣ್ಣ ನೋಡಿದರೆ ಸಾಕು, ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಮುಖ ಮಸುಕು ಮಾಡಿ ಏನು ಬಂತು?

ನನ್ನ ಬೇಡಿಕೆ ಒಂದೇ. ದುಃಖದಲ್ಲಿರುವವರ ಮುಖ ಪುಟಕ್ಕೆ ಹೋಗುವ ಮೊದಲು, ತೆಗೆದವರಿಗೆ ಡೆಸ್ಕಿನಿಂದ ಯಾರಾದರೂ ಫೋನ್ ಮಾಡಿ ಕೇಳಲಿ: ‘ಅವರಿಗೆ ಗೊತ್ತಾ? ಏನಂದರು?’ ತೆಗೆದವರು ಯಾರು ಅಂತಲೇ ಗೊತ್ತಿಲ್ಲದ ವಾಟ್ಸಾಪ್ ಫೋಟೊ ಆದರೆ ಮುಖ ಹಾಕುವುದೇ ಬೇಡ. ಇದಕ್ಕೆ ಎರಡು ನಿಮಿಷ ಜಾಸ್ತಿ ಆಗಬಹುದು. 2009ರ ಆ ರಾತ್ರಿ ನನ್ನನ್ನು ಯಾರಾದರೂ ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ.

– ನಿವೃತ್ತ ಪತ್ರಿಕಾ ಛಾಯಾಗ್ರಾಹಕ, ರಾಯಚೂರು